ಅಂಗವಿಕಲರ ಪಗಾರ ಇಲ್ಲವೆಂದರೆ ಬಾಗಲಕೋಟೆಗೋ, ಜಮಖಂಡಿಗೋ?

ವಿಕಲಚೇತನರ ಮಾಸಾಶನಕ್ಕೆ ನಮ್ಮ ಕಡೆ ಜನ ಹೇಳುವುದು ‘ಪಗಾರ’ ಅಂತಲೇ. ಅರ್ಜಿ ಹಾಕಿಯೂ ಸಿಗದವರನ್ನು ಕಾರಣ ಕೇಳಿದರೆ ಹೆಚ್ಚಾಗಿ ಬರುವ ಉತ್ತರ, ‘ನಿಂದು ಬರೂದಿಲ್ಲ ಅಂದ್ರೀ’. ಹಾಗೆಂದವರು ಯಾರು? ವೈಕಲ್ಯದ ಪ್ರಮಾಣ ಕಡಿಮೆ ಎಂದ ವೈದ್ಯರೋ, ಆದಾಯ ಹೆಚ್ಚಾಯಿತು ಎಂದ ಕಂದಾಯ ಇಲಾಖೆಯವರೋ? ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ. ಆದರೆ ಮುಂದಿನ ದಾರಿಯೆಲ್ಲ ನಿಂತಿರುವುದು ಇದೊಂದು ಪ್ರಶ್ನೆಯ ಮೇಲೆಯೇ. ಬೀಳಗಿಯವರಿಗಂತೂ ಈ ಎರಡು ತಕರಾರುಗಳ ದಿಕ್ಕೇ ಬೇರೆ. ವೈದ್ಯಕೀಯ ತಕರಾರಾದರೆ ದಕ್ಷಿಣಕ್ಕೆ, ಬಾಗಲಕೋಟೆಯ ನವನಗರಕ್ಕೆ ಹೋಗಬೇಕು. ಕಂದಾಯದ ತಕರಾರಾದರೆ ಪಶ್ಚಿಮಕ್ಕೆ, ಉಪವಿಭಾಗಾಧಿಕಾರಿ ಕೂರುವ ಜಮಖಂಡಿಗೆ ಹೋಗಬೇಕು. ಊರುಗೋಲು ಹಿಡಿದು ಬಸ್ಸು ಹತ್ತುವವರು ತಪ್ಪು ದಿಕ್ಕಿಗೆ ಹೋದರೆ ಅಂದಿನ ದಿನವೂ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು.

ಆದ್ದರಿಂದ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು: ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಿಕೊಂಡು ಮನೆಗೆ ಬರಬೇಡಿ. ಹಿಂಬರಹ ಕೇಳಿ. ಅರ್ಜಿಯನ್ನು ಯಾಕೆ ತಿರಸ್ಕರಿಸಲಾಗಿದೆ ಎಂದು ಅಧಿಕಾರಿ ಸಹಿ, ಮೊಹರು, ತಾರೀಖು ಹಾಕಿ ಕೊಡುವ ಪತ್ರವೇ ಹಿಂಬರಹ. ಅದು ಕೈಯಲ್ಲಿಲ್ಲದಿದ್ದರೆ ತಿರಸ್ಕಾರದ ವಿರುದ್ಧದ ಮೇಲ್ಮನವಿಗೆ ಆಧಾರವೇ ಇರುವುದಿಲ್ಲ. ಕೇಳುವಾಗ ಹಿಂಜರಿಯುವ ಅಗತ್ಯವೂ ಇಲ್ಲ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ–2016ರ 58ನೇ ಕಲಂ ಪ್ರಕಾರ ವೈದ್ಯಕೀಯ ಪ್ರಾಧಿಕಾರದ ಮುಂದೆ ಎರಡೇ ದಾರಿ: ಒಂದೋ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ವೈಕಲ್ಯ ಇಲ್ಲವೆಂದು ಲಿಖಿತವಾಗಿ ತಿಳಿಸಬೇಕು. ‘ಹೋಗ್ರಿ, ಆಗೂದಿಲ್ಲ’ ಎಂದು ಹೇಳಿ ಕಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಮೊದಲ ಮೆಟ್ಟಿಲು ಯುಡಿಐಡಿ

ಪಗಾರವಿರಲಿ, ಬಸ್ ಪಾಸ್ ಇರಲಿ, ತ್ರಿಚಕ್ರ ವಾಹನವಿರಲಿ, ಎಲ್ಲಕ್ಕೂ ಬುಡ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡು. 2021ರ ಜೂನ್ 1ರಿಂದ ವೈಕಲ್ಯ ಪ್ರಮಾಣಪತ್ರವನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕೆಂಬುದು ಕಡ್ಡಾಯವಾಗಿದೆ. ಅರ್ಜಿಗೆ ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಸಾಕು. ಸ್ವಂತ ಮೊಬೈಲಿನಲ್ಲೂ ಹಾಕಬಹುದು, ಗ್ರಾಮ ಒನ್ ಕೇಂದ್ರದಲ್ಲೂ ಹಾಕಿಸಬಹುದು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯುವುದು. ವಿ.ಆರ್.ಡಬ್ಲ್ಯು. ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಇವರಲ್ಲಿ ಬಹಳಷ್ಟು ಮಂದಿ ಸ್ವತಃ ವಿಕಲಚೇತನರು. ಕಡಿಮೆ ಗೌರವಧನಕ್ಕೆ ಹಳ್ಳಿ ಹಳ್ಳಿ ಓಡಾಡುವ ಇವರಿಗೆ ಯಾವ ದಿನ ಯಾವ ವೈದ್ಯರು ಸಿಗುತ್ತಾರೆ ಎಂಬುದೂ ತಿಳಿದಿರುತ್ತದೆ. ತಾಲ್ಲೂಕು ಮಟ್ಟದಲ್ಲಿ ಇವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ.

1995ರ ಹಳೆಯ ಕಾನೂನು ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಈಗಿನದು 21 ಬಗೆಗಳನ್ನು ಗುರುತಿಸುತ್ತದೆ. ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಆಟಿಸಂ, ದೀರ್ಘಕಾಲದ ಮಾನಸಿಕ ಕಾಯಿಲೆ, ಕುಷ್ಠ ವಾಸಿಯಾದ ಮೇಲೂ ಉಳಿದ ಊನ, ಆಸಿಡ್ ದಾಳಿಯ ಗಾಯ ಎಲ್ಲವೂ ಅದರಲ್ಲಿವೆ. ವಯಸ್ಕರ ಎತ್ತರ 147 ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕುಬ್ಜತೆಯೂ ಸೇರುತ್ತದೆ. ‘ಅಂಗವಿಕಲರು ಅಂದ್ರ ಕಾಲಿಲ್ಲದವರು, ಕಣ್ಣಿಲ್ಲದವರು’ ಎಂದು ಇಂದಿಗೂ ತಿಳಿದಿರುವ ಮನೆಗಳಲ್ಲಿ ಇಂಥವರು ಅರ್ಜಿಯನ್ನೇ ಹಾಕದೆ ಉಳಿದಿದ್ದಾರೆ. ಶ್ರವಣದೋಷದಲ್ಲಿ ಮಾತ್ರ ಒಂದು ಎಚ್ಚರ ಬೇಕು. ರಬಕವಿ-ಬನಹಟ್ಟಿಯ ಮಗ್ಗಗಳ ಸದ್ದಿನಲ್ಲಿ ಆಯುಷ್ಯ ಕಳೆದವರು ಕಿವಿ ಮಂದವಾಯಿತೆಂದು ಬಂದರೆ ಲೆಕ್ಕ ಹಾಕುವುದು ಎರಡೂ ಕಿವಿಗಳದ್ದನ್ನು. ಎರಡರಲ್ಲೂ 60 ಡೆಸಿಬೆಲ್‌ನಷ್ಟು ನಷ್ಟವಿದ್ದರೆ ಮಂದ ಶ್ರವಣ, 70 ಇದ್ದರೆ ಕಿವುಡು. ಒಂದೇ ಕಿವಿ ಹೋಗಿದ್ದರೆ ಈ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಅರ್ಜಿಯನ್ನು ವಾಸದ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ ಅಥವಾ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಹಾಕಬಹುದು. 2024ರ ಅಕ್ಟೋಬರ್‌ನ ನಿಯಮ ತಿದ್ದುಪಡಿ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು ಹಾಕಿದೆ. ಕಾರ್ಡಿನ ಬಣ್ಣ ಪ್ರಮಾಣವನ್ನು ಹೇಳುತ್ತದೆ: ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಬಿಳಿ ಕಾರ್ಡಿಗೆ ಪಗಾರವಿಲ್ಲ.

ಪರೀಕ್ಷೆಯ ದಿನ ಮತ್ತು ಪ್ರಮಾಣದ ಲೆಕ್ಕ

ವೈದ್ಯರ ಮುಂದೆ ಹೋದಾಗ ನಮ್ಮ ಜನಕ್ಕೆ ಒಂದು ಹುರುಪು ಬರುತ್ತದೆ. ‘ನಡಿಯಾಕ ಬರ್ತದೇನು?’ ಎಂದು ಕೇಳಿದ ಕೂಡಲೇ ಗೋಡೆ ಹಿಡಿಯದೆ, ಹಲ್ಲು ಕಚ್ಚಿಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿಬಿಡುತ್ತಾರೆ. ಆ ಸ್ವಾಭಿಮಾನ ದೊಡ್ಡದೇ. ಆದರೆ ಪರೀಕ್ಷೆ ಅಳೆಯುವುದು ಬೇರೆಯದನ್ನು. ಕೇಂದ್ರದ ಮಾರ್ಗಸೂಚಿಯಲ್ಲಿ ಕಾಲಿನ ಸ್ಥಿರತೆಯನ್ನು ನೋಡಲು ಒಂಬತ್ತು ಕೆಲಸಗಳ ಪಟ್ಟಿ ಇದೆ: ಸಮ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನ ಮೇಲೆ ನಿಲ್ಲುವುದು, ಊನವಾದ ಕಾಲೊಂದರ ಮೇಲೆ ನಿಲ್ಲುವುದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಒಂದೊಂದಕ್ಕೂ ಶೇ 10. ಅಂದರೆ ಸಮ ನೆಲದಲ್ಲಿ ನಡೆಯುವುದು ಒಂಬತ್ತರಲ್ಲಿ ಒಂದು ಮಾತ್ರ. ಹೊಲದಲ್ಲಿ ಕಸ ತೆಗೆಯಲು ಕುಕ್ಕರುಗಾಲಲ್ಲಿ ಕೂರಲಾಗದಿದ್ದರೆ, ಊಟಕ್ಕೆ ಚಕ್ಕಳಮಕ್ಕಳ ಹಾಕಲಾಗದಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಪಟ್ಟಿಯಲ್ಲಿ ಏನೇನಿದೆಯೋ ಅದನ್ನೆಲ್ಲ ಪರೀಕ್ಷಿಸಿ ಎಂದು ವಿನಯದಿಂದಲೇ ಕೇಳಬಹುದು. ಹಳೆಯ ಎಕ್ಸ್‌ರೇ, ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ನಡೆಯುತ್ತಿರುವ ಔಷಧದ ಚೀಟಿಗಳನ್ನು ಒಯ್ಯಿರಿ. ಅಂದು ಎದುರಿಗೆ ಕೂತ ವೈದ್ಯರು ನಿಮ್ಮನ್ನು ನೋಡುವುದು ಕೆಲವೇ ನಿಮಿಷ. ವರ್ಷಗಳ ಕಥೆ ಹೇಳಬೇಕಾದದ್ದು ಈ ಕಾಗದಗಳು.

ಇನ್ನೊಂದು ಲೆಕ್ಕ ಇಲ್ಲಿ ಬಹಳ ಮುಖ್ಯ. ಇದು ಗೊತ್ತಿಲ್ಲದೆ ಹಕ್ಕು ಕಳೆದುಕೊಳ್ಳುವವರಿಗಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಮುಧೋಳ, ಜಮಖಂಡಿ ಕಡೆಯ ಒಬ್ಬ ಕಬ್ಬಿನ ಕೂಲಿಯವರನ್ನು ಎಣಿಸಿಕೊಳ್ಳಿ. ಕಬ್ಬಿನ ಗರಿ ಚುಚ್ಚಿ ಒಂದು ಕಣ್ಣಿನ ದೃಷ್ಟಿ ಪೂರ್ತಿ ಹೋಗಿದೆ, ಇನ್ನೊಂದು ಚೆನ್ನಾಗಿದೆ. ಮಾರ್ಗಸೂಚಿಯ ಪ್ರಕಾರ ಇದಕ್ಕೆ ಶೇ 30. ಮುಂದೆ ಬೆಲ್ಲದ ಗಾಣದಲ್ಲಿ ಬೆರಳು ಸಿಕ್ಕಿ ಕೈ ಊನವಾಗಿದೆ, ಮೂಳೆ ವೈದ್ಯರು ಶೇ 20 ಎಂದು ಬರೆದಿದ್ದಾರೆ. ಕಣ್ಣಿನ ವಿಭಾಗದಲ್ಲಿ ‘40 ಇಲ್ಲ’ ಎನ್ನುತ್ತಾರೆ, ಮೂಳೆ ವಿಭಾಗದಲ್ಲೂ ‘40 ಇಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ಅವರವರ ಮಟ್ಟಿಗೆ ನಿಜ. ಆದರೆ ಎರಡನ್ನೂ ಕೂಡಿಸಲು ಮಾರ್ಗಸೂಚಿಯಲ್ಲೇ ಸೂತ್ರವಿದೆ: ದೊಡ್ಡ ಪ್ರಮಾಣವನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಚಿಕ್ಕ ಪ್ರಮಾಣದಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡ ಪ್ರಮಾಣಕ್ಕೆ ಸೇರಿಸಬೇಕು. 90ರಲ್ಲಿ 30 ಕಳೆದರೆ 60. ಅದನ್ನು 20ರಿಂದ ಗುಣಿಸಿದರೆ 1,200, 90ರಿಂದ ಭಾಗಿಸಿದರೆ 13.33. ಅದಕ್ಕೆ 30 ಸೇರಿಸಿದರೆ 43ಕ್ಕೂ ಮೇಲೆ. ಕೈಯದು 15 ಇದ್ದಿದ್ದರೂ ಸರಿಯಾಗಿ 40 ಆಗುತ್ತಿತ್ತು. ಹಾಗಾಗಿ ಎರಡು ಊನಗಳಿರುವವರು ಅರ್ಜಿಯಲ್ಲಿ ಎರಡನ್ನೂ ತೋರಿಸಿ, ಬಹುವೈಕಲ್ಯದ ಪ್ರಮಾಣಪತ್ರವನ್ನೇ ಕೇಳಬೇಕು. ಇದು ಉಪಕಾರದ ಮಾತಲ್ಲ, ಲೆಕ್ಕದ ಮಾತು.

ವೈದ್ಯಕೀಯ ಪ್ರಾಧಿಕಾರ ಕೊಟ್ಟ ಪ್ರಮಾಣ ಒಪ್ಪಿಗೆಯಾಗದಿದ್ದರೆ 2016ರ ಅದೇ ಕಾನೂನಿನ 59ನೇ ಕಲಂ ಪ್ರಕಾರ, ರಾಜ್ಯ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದರ ವಿಳಾಸ ಮತ್ತು ಗಡುವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ನವನಗರದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಬರೆಸಿಕೊಳ್ಳಿ. ತಿರಸ್ಕಾರ ಪತ್ರ ಕೈಸೇರಿದ ತಿಂಗಳೊಳಗೇ ಮನವಿ ಹಾಕುವುದು ಕ್ಷೇಮ. ಮನವಿಯಲ್ಲಿ ಬಡತನದ ವರ್ಣನೆ ಬೇಡ. ಯಾವ ಪರೀಕ್ಷೆ ಮಾಡಲಿಲ್ಲ, ಯಾವ ವರದಿ ನೋಡಲಿಲ್ಲ, ಯಾವ ಎರಡನೇ ಊನವನ್ನು ಕೂಡಿಸಲಿಲ್ಲ ಎಂದಷ್ಟೇ ಬರೆದು ಮರುಪರೀಕ್ಷೆ ಕೇಳಿ. ಪ್ರಮಾಣದ ತಕರಾರನ್ನು ತಹಶೀಲ್ದಾರರ ಹತ್ತಿರ ಒಯ್ದು ಉಪಯೋಗವಿಲ್ಲ. ವೈದ್ಯರು ಬರೆದದ್ದನ್ನು ತಿದ್ದುವ ಅಧಿಕಾರ ಅವರಿಗಿಲ್ಲ.

‘ಇಷ್ಟು ಕೊಟ್ರ ಪರ್ಸೆಂಟೇಜ್ ಮಾಡಿಸಿ ಕೊಡ್ತೀನಿ’ ಎನ್ನುವವರು ಎಲ್ಲ ಕಡೆ ಇರುತ್ತಾರೆ. ಮೋಸದಿಂದ ಸೌಲಭ್ಯ ಪಡೆದರೆ ಅದೇ ಕಾನೂನಿನ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸೆರೆ, ₹1 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಕಾರ್ಡಿನಲ್ಲಿ ಹೆಸರಿರುವವರು, ಮಾಡಿಸಿಕೊಟ್ಟವರಲ್ಲ.

ಪಗಾರದ ಅರ್ಜಿ, ಆದಾಯದ ಗೋಡೆ

ಕಾರ್ಡು ಬಂದ ಮೇಲೆ ನಾಡಕಚೇರಿ. ಅರ್ಜಿಯ ಜೊತೆ ಆಧಾರ್, ಯುಡಿಐಡಿ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಇಟ್ಟುಕೊಳ್ಳಿ. ಅರ್ಜಿ ಗ್ರಾಮ ಆಡಳಿತ ಅಧಿಕಾರಿಯಿಂದ, ಅಂದರೆ ನಾವು ಇಂದಿಗೂ ತಲಾಠಿ ಎನ್ನುವವರಿಂದ, ಕಂದಾಯ ನಿರೀಕ್ಷಕರಿಗೆ ಹೋಗಿ ಅಲ್ಲಿಂದ ತಹಶೀಲ್ದಾರ ಕಚೇರಿಗೆ ಹೋಗುತ್ತದೆ. ಕೊಟ್ಟ ಕೂಡಲೇ ಸಕಾಲದ ಸ್ವೀಕೃತಿ ತೆಗೆದುಕೊಳ್ಳಿ. ಅದರಲ್ಲಿ ಜಿಎಸ್‌ಸಿ ಸಂಖ್ಯೆಯೂ ಸೇವೆ ಕೊಡಬೇಕಾದ ಕೊನೆಯ ದಿನವೂ ಅಚ್ಚಾಗಿರುತ್ತವೆ. 2012ರ ಏಪ್ರಿಲ್‌ನಲ್ಲಿ ಆರಂಭವಾದ ಈ ಸಕಾಲ ವ್ಯವಸ್ಥೆ ಕೈಯಲ್ಲಿ ಆ ಚೀಟಿ ಇದ್ದವರಿಗೆ ಮಾತ್ರ ಕೆಲಸ ಮಾಡುತ್ತದೆ. ಅರ್ಜಿ ಕೊಟ್ಟೆ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಶೇ 40ರಿಂದ 74ರವರೆಗಿನವರಿಗೆ ತಿಂಗಳಿಗೆ ₹800. 2021ರವರೆಗೆ ಇದು ₹600 ಇತ್ತು. ಶೇ 75 ಮತ್ತು ಮೇಲ್ಪಟ್ಟವರಿಗೆ ₹1,400. ಇಲ್ಲಿ ಒಂದು ಗೊಂದಲವಾಗುವ ಜಾಗವಿದೆ. ಕಾರ್ಡಿನ ಬಣ್ಣ ಬದಲಾಗುವುದು 80ಕ್ಕೆ, ಪಗಾರ ಹೆಚ್ಚುವುದು 75ಕ್ಕೆ. ಶೇ 76 ಇರುವವರ ಕೈಯಲ್ಲಿ ಹಳದಿ ಕಾರ್ಡೇ ಇರುತ್ತದೆ. ಬಣ್ಣ ನೋಡಿ ಕಡಿಮೆ ದರಕ್ಕೆ ಸೇರಿಸಿದ್ದಾರೆಯೇ ಎಂದು ಮಂಜೂರಾತಿ ಆದೇಶವನ್ನು ಓದಿಸಿ ನೋಡಿ. ಶೇ 80 ದಾಟಿದ, 18 ವರ್ಷ ತುಂಬಿದ ಬಿಪಿಎಲ್ ಕುಟುಂಬದವರಿಗೆ 2009ರಲ್ಲಿ ಬಂದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ವೇತನ ಯೋಜನೆಯೂ ಅನ್ವಯಿಸುತ್ತದೆ. ಅದರಲ್ಲಿ ಕೇಂದ್ರದ ಪಾಲು ₹300 ಮಾತ್ರ.

ಹೆಚ್ಚು ಅರ್ಜಿಗಳು ಮುಗ್ಗರಿಸುವುದು ಆದಾಯ ಮಿತಿಯಲ್ಲಿ. ವರ್ಷಕ್ಕೆ ₹32,000 ದಾಟಬಾರದು ಎಂಬುದು ನಿಯಮ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ನೂರು ದಿನದ ಕೆಲಸ ಪೂರ್ತಿ ಮಾಡಿದ ಮನೆಗೆ ಬರುತ್ತಿದ್ದುದು ₹37,000. ಸರ್ಕಾರವೇ ಕೊಟ್ಟ ಕೂಲಿ ಸರ್ಕಾರವೇ ಇಟ್ಟ ಮಿತಿಯನ್ನು ದಾಟಿಬಿಡುತ್ತದೆ! ಈ ಮಿತಿ ಬದಲಾಗಲೇಬೇಕು ಎಂದು ನಾನು ನಂಬಿದ್ದೇನೆ. ಬದಲಾಗುವವರೆಗೆ ಅರ್ಜಿದಾರರು ಮಾಡಬಹುದಾದದ್ದು ಇಷ್ಟು: ಹೊಸ ಆದಾಯ ಪ್ರಮಾಣಪತ್ರ ಮಾಡಿಸುವಾಗ ಸ್ಥಳ ತನಿಖೆಗೆ ಬಂದವರಿಗೆ ಮನೆಯ ನಿಜಸ್ಥಿತಿ ತಿಳಿಸಬೇಕು. ದುಡಿಯುವ ಕೈ ಎಷ್ಟು, ಬಿದ್ದ ಕೈ ಎಷ್ಟು, ಉತಾರದಲ್ಲಿ ಹೆಸರಿದ್ದರೂ ಹೊಲ ನೀರಾವರಿಯದೋ ಒಣಬೇಸಾಯದ್ದೋ, ಅಣ್ಣತಮ್ಮಂದಿರು ಬೇರೆಯಾಗಿದ್ದಾರೋ ಎಲ್ಲವನ್ನೂ ಹೇಳಬೇಕು. ಬೇರೆ ಒಲೆ ಹೂಡಿದ ಅಣ್ಣನ ದುಡಿಮೆ ಒಂದೇ ಪಡಿತರ ಚೀಟಿಯ ಕಾರಣಕ್ಕೆ ತಮ್ಮನ ಲೆಕ್ಕಕ್ಕೆ ಬಿದ್ದಿದ್ದರೆ ಮೊದಲು ಚೀಟಿ ಬೇರೆ ಮಾಡಿಸಬೇಕು.

ನಮ್ಮ ಬೀಳಗಿ ತಾಲ್ಲೂಕಿಗೆ ವಿಶೇಷವಾದ ಒಂದು ತೊಡಕೂ ಇದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದವರ ಹಳೆಯ ಕಾಗದಗಳಲ್ಲಿ ಮುಳುಗಿದ ಊರಿನ ವಿಳಾಸ, ಹೊಸ ಕಾಗದಗಳಲ್ಲಿ ಕೇಂದ್ರದ ವಿಳಾಸ ಇರಬಹುದು. ಅರ್ಜಿಗಿಂತ ಮೊದಲೇ ಆಧಾರ್, ಪಡಿತರ ಚೀಟಿ, ಯುಡಿಐಡಿ, ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ, ತಂದೆಯ ಹೆಸರು, ಊರು ತಾಳೆಯಾಗುತ್ತವೆಯೇ ನೋಡಿ. ಒಂದರಲ್ಲಿ ‘ಸಂಗವ್ವ’, ಇನ್ನೊಂದರಲ್ಲಿ ‘ಸಂಗಮ್ಮ’ ಎಂದಿದ್ದರೂ ಗಣಕಯಂತ್ರ ಇಬ್ಬರೆಂದೇ ತಿಳಿಯುತ್ತದೆ.

ಜಮಖಂಡಿಗೆ ಮೇಲ್ಮನವಿ

ತಹಶೀಲ್ದಾರರು ಅರ್ಜಿ ತಿರಸ್ಕರಿಸಿದರೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ತಾಲ್ಲೂಕುಗಳೆಲ್ಲ ಜಮಖಂಡಿ ಉಪವಿಭಾಗಕ್ಕೆ ಸೇರಿವೆ. ಸಕಾಲ ಕಾನೂನಿನಡಿ ತಿರಸ್ಕಾರವಾದ ದಿನದಿಂದ, ಅಥವಾ ಉತ್ತರವೇ ಬಾರದೆ ಗಡುವು ಮುಗಿದ ದಿನದಿಂದ 30 ದಿನಗಳೊಳಗೆ ಮನವಿ ಹಾಕಬೇಕು. ವಕೀಲರು ಬೇಕೆಂದಿಲ್ಲ, ಒಂದು ಹಾಳೆ ಸಾಕು. ಹೀಗೆ ಬರೆಯಬಹುದು:

“ಮಾನ್ಯ ಉಪವಿಭಾಗಾಧಿಕಾರಿಗಳು, ಜಮಖಂಡಿ ಇವರಿಗೆ. ವಿಷಯ: ವಿಕಲಚೇತನರ ಮಾಸಾಶನ ಅರ್ಜಿ ತಿರಸ್ಕರಿಸಿದ್ದರ ವಿರುದ್ಧ ಮೇಲ್ಮನವಿ. ನಾನು ಬೀಳಗಿ ತಾಲ್ಲೂಕಿನ … ಗ್ರಾಮದ ನಿವಾಸಿ. ನನ್ನ ಯುಡಿಐಡಿ ಸಂಖ್ಯೆ …, ವೈಕಲ್ಯ ಶೇ …. ದಿನಾಂಕ … ರಂದು ಜಿಎಸ್‌ಸಿ ಸಂಖ್ಯೆ … ರಲ್ಲಿ ಅರ್ಜಿ ಸಲ್ಲಿಸಿದ್ದೆ. ದಿನಾಂಕ … ರ ಹಿಂಬರಹದಲ್ಲಿ ‘…’ ಎಂಬ ಕಾರಣ ನೀಡಿ ತಿರಸ್ಕರಿಸಲಾಗಿದೆ. ಈ ಕಾರಣ ಸರಿಯಲ್ಲ, ಏಕೆಂದರೆ …. ಆಧಾರವಾಗಿ … ದಾಖಲೆಗಳನ್ನು ಲಗತ್ತಿಸಿದ್ದೇನೆ. ತಿರಸ್ಕಾರ ಆದೇಶ ರದ್ದುಪಡಿಸಿ, ಮೊದಲ ಅರ್ಜಿಯ ದಿನಾಂಕವನ್ನೇ ಪರಿಗಣಿಸಿ ಮಾಸಾಶನ ಮಂಜೂರು ಮಾಡಬೇಕೆಂದು ಕೋರುತ್ತೇನೆ.”

‘ಏಕೆಂದರೆ’ ಎಂಬಲ್ಲಿ ಹಿಂಬರಹದ ಕಾರಣಕ್ಕೆ ಮಾತ್ರ ಉತ್ತರ ಕೊಡಿ. ಅವರು ಆದಾಯ ಎಂದಿದ್ದರೆ ಆದಾಯದ ಬಗ್ಗೆ ಬರೆಯಿರಿ, ವಾಸಸ್ಥಳ ಎಂದಿದ್ದರೆ ವಾಸಸ್ಥಳದ ಬಗ್ಗೆ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆವಕ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಜಮಖಂಡಿಗೆ ಹೋಗಲಾಗದವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬಹುದು. ಹಿಂಬರಹವನ್ನೇ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆಯಡಿ ‘ನನ್ನ ಅರ್ಜಿಯ ಮೇಲೆ ಬರೆದ ಎಲ್ಲ ಟಿಪ್ಪಣಿಗಳ ನಕಲು ಕೊಡಿ’ ಎಂದು ಕೇಳಿ. ಶುಲ್ಕ ₹10. ಬಿಪಿಎಲ್ ಚೀಟಿ ಇದ್ದರೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಬರುತ್ತಿದ್ದ ಪಗಾರ ನಿಂತುಹೋದರೆ

ಇದು ತಿರಸ್ಕಾರವಲ್ಲ, ಮೇಲ್ಮನವಿಗೆ ಓಡಬೇಡಿ. ಮೊದಲು ಬ್ಯಾಂಕಿಗೆ ಹೋಗಿ ‘ನನ್ನ ಆಧಾರ್ ಈಗ ಯಾವ ಖಾತೆಗೆ ಸೀಡಿಂಗ್ ಆಗಿದೆ?’ ಎಂದು ಕೇಳಿ. ಆಧಾರ್ ಆಧರಿಸಿ ಬರುವ ಸರ್ಕಾರಿ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಮತ್ತಾವುದೋ ಯೋಜನೆಗೆಂದು ಅಂಚೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಮರೆತಿದ್ದರೆ ಪಗಾರ ಅಲ್ಲಿ ತಿಂಗಳುಗಟ್ಟಲೆ ಬಿದ್ದಿರಬಹುದು. ಅಲ್ಲೂ ಇಲ್ಲದಿದ್ದರೆ ಕಾರ್ಡಿನ ಅವಧಿ ನೋಡಿ. ಚಿಕ್ಕ ಮಕ್ಕಳಿಗೆ ಮತ್ತು ಸುಧಾರಿಸಬಹುದಾದ ಸ್ಥಿತಿಗಳಿಗೆ ಕೊಡುವ ಪ್ರಮಾಣಪತ್ರ ತಾತ್ಕಾಲಿಕ. ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ನವೀಕರಣಕ್ಕೆ ಹಾಕಬೇಕು. ಇವೆರಡೂ ಸರಿಯಿದ್ದರೆ ಪಿಂಚಣಿ ಸಂಖ್ಯೆ ಹಿಡಿದು ನಾಡಕಚೇರಿಗೆ ಹೋಗಿ, ಸ್ಥಗಿತದ ಕಾರಣವನ್ನು ಬರೆಸಿಕೊಳ್ಳಿ. ಬದುಕಿದ್ದವರನ್ನೇ ಮೃತರೆಂದು ತಪ್ಪಾಗಿ ನಮೂದಿಸಿದ್ದರೆ ಆಧಾರ್ ಹಿಡಿದು ಖುದ್ದಾಗಿ ಹೋಗಬೇಕು. ಹಾಸಿಗೆ ಹಿಡಿದವರಾದರೆ ಮನೆಗೇ ಬಂದು ನೋಡುವಂತೆ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ಕೇಳಬಹುದು.

ಜಮಖಂಡಿಯ ಮೇಲ್ಮನವಿಯಲ್ಲೂ ಆಗದಿದ್ದರೆ ಮುಂದೆ ಜಿಲ್ಲಾಧಿಕಾರಿ ಇದ್ದಾರೆ. ಅದಕ್ಕಿಂತ ಆಚೆ ಬೆಂಗಳೂರಿನಲ್ಲಿ ರಾಜ್ಯ ವಿಕಲಚೇತನರ ಆಯುಕ್ತರಿದ್ದಾರೆ. ಅವರಿಗೆ ಅಂಚೆಯಲ್ಲೇ ದೂರು ಬರೆಯಬಹುದು. ವಿಚಾರಣೆಗೆ ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಆಯುಕ್ತರಿಗಿದೆ. ಅವರ ಶಿಫಾರಸಿನ ಮೇಲೆ ಕೈಗೊಂಡ ಕ್ರಮವನ್ನು ಸಂಬಂಧಪಟ್ಟ ಕಚೇರಿ ಮೂರು ತಿಂಗಳಲ್ಲಿ ತಿಳಿಸಬೇಕು. ಒಪ್ಪದಿದ್ದರೆ ಕಾರಣ ಹೇಳಬೇಕು.

ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋಗಬೇಕಾದ ಪ್ರಕರಣಗಳೂ ಇರುತ್ತವೆ. ವಕೀಲರ ಫೀಸಿನ ಚಿಂತೆಗೆ ಅಲ್ಲಿಂದ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ವಿಕಲಚೇತನರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತದೆ. ಬೀಳಗಿ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಯುಡಿಐಡಿ ಕಾರ್ಡು, ಸಕಾಲದ ಸ್ವೀಕೃತಿ, ಹಿಂಬರಹ ಮೂರರ ಝೆರಾಕ್ಸ್ ಒಯ್ಯಿರಿ. ಮೂಲಪ್ರತಿ ಯಾರ ಕೈಗೂ ಕೊಡಬೇಡಿ.